ಕಾಶಿ ಕಣಗಿಲೆ

ನನ್ನ ಅಜ್ಜಿ ವೆಂಕಟಮ್ಮ ಶಿವಾಜಿನಗರದ ಮಾರ್ಕೆಟ್ಟಿನ ಹೊರಗೆ ಗೋಣಿಚೀಲ ಹಾಸಿಕೊಂಡು ನಲವತ್ತು ವರ್ಷ ನಾರುಬೇರು ಮಾರಿದವಳು. ಅಕ್ಷರ ಬರುತ್ತಿರಲಿಲ್ಲ, ಬಾಯಿ ಮಾತ್ರ ಊರಗಲ. ಅಂಥ ಬಾಯಿಗೂ ಅವಳೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು: ಗಿಡ ಕೈಗೆ ಕೊಡದೆ ಹೆಸರು ಬಾಯಿಗೆ ಕೊಡಬಾರದು. ಯಾರಾದರೂ ಬಂದು ಕೆಮ್ಮಿಗೆ ಯಾವ ಸೊಪ್ಪು ಎಂದು ಕೇಳಿದರೆ ಹೆಸರು ಹೇಳುತ್ತಿರಲಿಲ್ಲ. ಎಲೆ ಕಿತ್ತು ಅವರ ಅಂಗೈಗೆ ಹಾಕಿ, "ಉಜ್ಜು, ಮೂಸು, ನಾಳೆ ಇಂಥದ್ದೇ ನೀನೇ ಹುಡುಕಿ ತಂದು ತೋರ್ಸು" ಎನ್ನುತ್ತಿದ್ದಳು. ಮೂರು ಸಲ ತಪ್ಪದೆ ತಂದವರಿಗೆ ಮಾತ್ರ ಹೆಸರು, ಆಮೇಲೆ ಕಷಾಯದ ಅಳತೆ. ಅರ್ಧಕ್ಕರ್ಧ ಜನ ಬೈದುಕೊಂಡು ಹೋಗುತ್ತಿದ್ದರು. ಹೋದರೆ ಹೋಗಲಿ, ಬದುಕಿಕೊಳ್ಳುತ್ತಾರೆ ಎನ್ನುತ್ತಿದ್ದಳು.

ಕಾರಣವಿಲ್ಲದೆ ಅವಳು ಹಾಗೆ ಮಾಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಒಂದೊಂದು ಗಿಡಕ್ಕೂ ನಾಲ್ಕು ನಾಲ್ಕು ಹೆಸರು. ವರ್ಷವಿಡೀ ಗುಲಾಬಿ ಬಣ್ಣದ ಐದೆಸಳಿನ ಹೂ ಬಿಡುವ, ಮೊಣಕಾಲೆತ್ತರದ ಒಂದು ಬಡಪಾಯಿ ಗಿಡವಿದೆಯಲ್ಲ, ಅದನ್ನು ಪಕ್ಕದ ಮನೆಯ ಇಮಾಮ್ ಬೀ ಸದಾಬಹಾರ್ ಎನ್ನುತ್ತಿದ್ದರು. ಹೂ ಕಟ್ಟುವ ತಮಿಳು ಹೆಂಗಸರಿಗೆ ಅದು ನಿತ್ಯಕಲ್ಯಾಣಿ. ನಮ್ಮ ಸ್ಕೂಲಿನ ಟೀಚರಿಗೆ ನಿತ್ಯಪುಷ್ಪ. ಅಜ್ಜಿ ಕಾಶಿ ಕಣಗಿಲೆ ಎನ್ನುತ್ತಿದ್ದಳು. ಹೆಸರಿನಲ್ಲಿ ಕಣಗಿಲೆ ಇದ್ದರೂ ಅದು ಕಣಗಿಲೆಯಲ್ಲ, ಕಾಶಿಯಿಂದ ಬಂದದ್ದೂ ಅಲ್ಲ. ಸಕ್ಕರೆ ಕಾಯಿಲೆಗೆಂದು ಜನ ಅದರ ಎಲೆ ಕೇಳಿಕೊಂಡು ಬರುತ್ತಿದ್ದರು.

ಅಜ್ಜಿ ಸತ್ತ ಮೇಲೆ ಅವಳ ವಿದ್ಯೆ ನನಗೆ ಬಂತು, ಅವಳ ತಾಳ್ಮೆ ಬರಲಿಲ್ಲ. ಇಂದಿರಾನಗರದಲ್ಲಿ ಮಧುಕರ್ ಎಂಬವರ ಮನೆಯ ಮಹಡಿಯ ಮೇಲೆ ಪ್ರತಿ ಭಾನುವಾರ ಮನೆಮದ್ದಿನ ತರಗತಿ ನಡೆಸತೊಡಗಿದೆ. ಮಧುಕರ್ ವಿಮಾನಪುರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಹಡಿ ತುಂಬ ಕುಂಡಗಳನ್ನು ಇಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿ ತೋರಿಸುತ್ತೇನೆ ಎಂದು ಮೊದಲ ದಿನವೇ ಭಾಷಣ ಬಿಗಿದಿದ್ದೆ. ಹಿತ್ತಲೇ ಇಲ್ಲದವರು ಚಪ್ಪಾಳೆ ತಟ್ಟಿದ್ದರು. ಇಂಗ್ಲಿಷ್ ಹೆಸರು ಹೇಳಿದವರಿಗೆ ಒಂದು ಲೋಟ ಕಿರಾತಕಡ್ಡಿ ಕಷಾಯ ದಂಡ ಎಂದು ನಿಯಮ ಮಾಡಿದ್ದೆ. ತೇಜಶ್ರೀ ಮೇಡಂ ಎಷ್ಟು ಚಂದ ಹಳೆಯ ಕನ್ನಡ ಹೆಸರು ಹೇಳುತ್ತಾರೆ ಎಂದು ಅವರೆಲ್ಲ ಹೊಗಳಿದಾಗ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ಆ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದವಳು ಸುಜಾತಾ. ಲಿಂಗಸುಗೂರು ಕಡೆಯವಳು. ಗಂಡ ಬಸು, ಅತ್ತೆ ಜಟ್ಟೆಮ್ಮ, ಇವಳು ಮೂವರೂ ಕೆ.ಆರ್. ಪುರದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ತರಗತಿ ನಡೆಯುವಾಗ ಸುಜಾತಾ ಕುಂಡಗಳಿಗೆ ನೀರು ಹಾಕುವ ನೆವದಲ್ಲಿ ಮಹಡಿಗೆ ಬಂದು ಹಿಂದೆ ನಿಂತು ಕೇಳುತ್ತಿದ್ದಳು. ಕಣ್ಣು ಮುಚ್ಚಿಸಿ ಎಲೆ ಕೊಟ್ಟರೆ ಮೂಸಿ ಹೇಳುವವಳು ಅವಳೊಬ್ಬಳೇ. ಆಡುಸೋಗೆ, ಒಂದೆಲಗ, ಅಮೃತಬಳ್ಳಿ, ಯಾವುದೂ ತಪ್ಪುತ್ತಿರಲಿಲ್ಲ. ನನ್ನ ನಿಜವಾದ ಶಿಷ್ಯೆ ಅವಳೇ ಎಂದು ನಾನು ಬಾಯಿಬಿಟ್ಟು ಹೇಳಿದ್ದೂ ಉಂಟು. ಅವಳು ನಾಚಿಕೊಂಡು ಪೈಪು ಹಿಡಿದು ಆಚೆ ಹೋಗಿದ್ದಳು.

ಕಾಶಿ ಕಣಗಿಲೆಯ ಪಾಠ ಮಾಡಿದ ಭಾನುವಾರ ಮಹಡಿಯ ಮೇಲೆ ಆ ಗಿಡ ಇರಲಿಲ್ಲ. ಇದ್ದೊಂದಕ್ಕೆ ಬಿಳಿ ಹುಳ ಹತ್ತಿತೆಂದು, ಯಾರಿಗೂ ತೋರಿಸುವ ಮೊದಲೇ, ನಾನೇ ಕಿತ್ತೆಸೆದಿದ್ದೆ. ಬರೀ ಬಾಯಲ್ಲಿ ವರ್ಣಿಸಿದೆ. ಕೂತವರು ಮೊಬೈಲಿನಲ್ಲಿ ಚಿತ್ರ ಹುಡುಕಿ, ಓ ಇದಾ, ನಮ್ಮ ಅಪಾರ್ಟ್‌ಮೆಂಟಿನ ತುಂಬ ಇದೆ ಎಂದುಕೊಂಡರು. ಸುಜಾತಾಳ ಕೈಯಲ್ಲಿ ಪೈಪಿತ್ತು.

ಮುಂದಿನ ಶುಕ್ರವಾರ ಸಂಜೆ ಅವಳದೊಂದು ವಾಯ್ಸ್ ಮೆಸೇಜ್ ಬಂತು. "ಅಕ್ಕಾರ, ನಮ್ಮತ್ತಿ ಸಕ್ರಿ ಮಾತ್ರಿ ಒಲ್ಲೆ ಅಂತಾಳ್ರಿ. ನುಂಗಿದ್ರ ತಲಿ ತಿರಗತೈತಿ ಅಂತಾಳ. ನೀವು ಮೊನ್ನಿ ಹೇಳಿದ್ರಲ್ರಿ, ಕಾಶಿ ಕಣಗಲ, ಅದನ್ನ ಕುಡಸ್ಲೇನ್ರಿ? ಎಷ್ಟ್ ಎಲಿ ಹಾಕ್ಬೇಕ್ರಿ?"

ನಾನಾಗ ಹಲಸೂರು ಮಾರ್ಕೆಟ್ಟಿನಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದೆ. ಭಾನುವಾರ ಗಿಡ ತರುತ್ತೇನೆ, ನೋಡಿಕೊಂಡು ಆಮೇಲೆ ಕುಡಿಸು ಎನ್ನಬಹುದಿತ್ತು. ಮೊದಲು ಡಾಕ್ಟರ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸಿಕೋ ಎನ್ನಬಹುದಿತ್ತು. ಅದೇನೂ ಅನ್ನದೆ ಗಲ್ಲಕ್ಕೂ ಭುಜಕ್ಕೂ ನಡುವೆ ಫೋನು ಸಿಗಿಸಿಕೊಂಡು ವಾಯ್ಸ್ ಮೆಸೇಜಿನಲ್ಲೇ ಅಳತೆ ಹೇಳಿ ಕಳಿಸಿಬಿಟ್ಟೆ. ಏಳು ಎಲೆ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು, ಬೆಳಗ್ಗೆ ಬರೀ ಹೊಟ್ಟೆಗೆ. ಅಷ್ಟು ಹೇಳಿದ್ದು ನೆನಪಿದೆ. ಆಮೇಲೆ ನುಗ್ಗೇಕಾಯಿ ಆರಿಸಲು ಹೋದೆ.

ಆ ಭಾನುವಾರ ಸುಜಾತಾ ಕೆಲಸಕ್ಕೆ ಬಂದಿರಲಿಲ್ಲ. ನಾನು ಮಹಡಿಯ ಮೇಲೆ ತುಂಬೆ ಹೂವಿನ ಗುಣಗಾನ ಮಾಡುತ್ತಿದ್ದಾಗ ಫೋನು ಬಂತು.

"ಅಕ್ಕಾರ, ನಮ್ಮತ್ತಿ ಒಂದ ಸವನ ವಾಂತಿ ಮಾಡ್ಕೊಳಾಕತ್ಯಾಳ್ರಿ. ಆಸ್ಪತ್ರಿಗಿ ಕರ್ಕೊಂಡ್ ಬಂದೀನ್ರಿ."

"ಗಾಬ್ರಿ ಆಗ್ಬೇಡ," ಎಂದೆ, ಗುರುವಿನ ಗತ್ತಿನಲ್ಲಿ. "ಶುಗರ್ ಜಾಸ್ತಿ ಇಳ್ದಿರುತ್ತೆ. ಬಾಯಿಗೆ ಒಂಚೂರು ಬೆಲ್ಲ ಹಾಕು."

"ಹಾಕೀನ್ರಿ. ಎಲ್ಲಾ ಹಳದಿ ಹಳದಿ ಕಾಣಾಕತ್ತೈತಿ ಅಂತಾಳ್ರಿ. ಗ್ವಾಡಿನೂ ಹಳದಿ, ನನ್ನ ಮುಖನೂ ಹಳದಿ ಅಂತಾಳ."

ಅಜ್ಜಿ ಹೇಳಿದ್ದ ಯಾವುದೋ ಹಳೆಯ ಮಾತು ತಲೆಯ ಹಿಂದೆ ಎಲ್ಲೋ ಅಲ್ಲಾಡಿತು, ಪೂರ್ತಿ ಮೇಲೆ ಬರಲಿಲ್ಲ.

"ಸುಜಾತಾ, ಎಷ್ಟ್ ಎಲೆ ಹಾಕ್ದೆ?"

"ನೀವು ಹೇಳಿದಂಗ ಏಳ್ರಿ. ನಿನ್ನಿ ಮುಂಜಾನಿ ಅರ್ಧ ಉಗುಳಿಬಿಟ್ಳು. ಇವತ್ತು ನೀವು ಹೇಳಿದಂಗ ಪೂರಾ ಕುಡಿಸೀನ್ರಿ."

"ಹೂವು ಯಾವ ಬಣ್ಣ ಇತ್ತು?"

"ಗುಲಾಬಿ ಬಣ್ಣ್ರಿ. ಐದು ಎಸಳು. ನೀವು ಹೇಳಿದಂಗ ಐತ್ರಿ."

ಉಸಿರು ಬಿಟ್ಟೆ. ಆದರೂ ಇನ್ನೊಂದು ಪ್ರಶ್ನೆ ಕೇಳಿದೆ. "ಎಲೆ ಎಷ್ಟುದ್ದ ಇತ್ತು?"

"ಗೇಣುದ್ದ ಇತ್ರಿ."

ಕಾಶಿ ಕಣಗಿಲೆಯ ಎಲೆ ಎರಡು ಬೆರಳು ಉದ್ದವಿದ್ದರೆ ಹೆಚ್ಚು. ಗೇಣುದ್ದದ ಎಲೆ ಇರುವುದು ಕಣಗಿಲೆಗೆ, ಬರೀ ಕಣಗಿಲೆಗೆ. ದನ ಕೂಡ ಮೂಸಿ ಹಿಂದೆ ಸರಿಯುವ, ಬೇರಿನಿಂದ ಹೂವಿನ ತನಕ ವಿಷವಿರುವ ಗಿಡ.

"ಎಲ್ಲಿ ಕಿತ್ತೆ ಅದನ್ನ?"

"ಟಿನ್ ಫ್ಯಾಕ್ಟ್ರಿ ಹತ್ರ, ರೋಡಿನ ನಟ್ಟನಡಕ ಹಚ್ಯಾರಲ್ರಿ, ಅಲ್ಲಿ. ಅಕ್ಕಾರ, ಕಣಗಲ ವಿಷ ಅಂತ ನಂಗೂ ಗೊತ್ತೈತ್ರಿ. ನಮ್ಮೂರಾಗ ಹಳದಿ ಹೂವಿನ ಕಣಗಲ ಐತಿ, ಅದರ ಕಾಯಿ ತಿಂದು ಮಂದಿ ಸಾಯ್ತಾರ. ಅದನ್ನ ನಾ ಮುಟ್ಟಿಲ್ರಿ. ಇದು ಪ್ಯಾಟಿ ಕಣಗಲ. ನರ್ಸರಿಯಿಂದ ತಂದು ಹಚ್ಚಿದ್ದು. ಕಾಶಿದು."

ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಊರಿನದು ವಿಷ, ದೂರದಿಂದ ಬಂದದ್ದು ಕಾಶಿಯದು. ಗಿಡ ನೋಡದವಳಿಗೆ ಆ ಹೆಸರು ಇನ್ನು ಹೇಗೆ ಅರ್ಥವಾಗಬೇಕಿತ್ತು?

"ಡಾಕ್ಟ್ರಿಗೆ ಹೇಳ್ದಾ?"

"ಹೇಳೀನ್ರಿ. ಕಾಶಿ ಕಣಗಲ ಅಂತ. ಅವ್ರು ಮೊಬೈಲಿನ್ಯಾಗ ನೋಡಿದ್ರು. ಅದ್ರಿಂದ ಇಷ್ಟೆಲ್ಲಾ ಆಗಂಗಿಲ್ಲ, ಹೊಟ್ಟಿ ಕೆಟ್ಟೈತಿ ಅಂತ ಸಲೈನ್ ಹಚ್ಯಾರ್ರಿ."

"ಸುಜಾತಾ, ಯಾವ್ ಆಸ್ಪತ್ರೆ?"

"ಸಂತಿ ಬಯಲಿನ ಎದುರಿಗಿ ಐತಲ್ರಿ."

"ಕೇಳು, ಅದು ಕಾಶಿ ಕಣಗಿಲೆ ಅಲ್ಲ, ಈಗ್ಲೇ ಹೋಗಿ ಡಾಕ್ಟ್ರಿಗೆ ಹೇಳು," ಎನ್ನುವಷ್ಟರಲ್ಲಿ ಫೋನು ಸತ್ತುಹೋಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ನಾನು ಹೇಳಿದ್ದರಲ್ಲಿ ಅವಳಿಗೆ ಕೇಳಿಸಿದ್ದು ಎಷ್ಟೋ.

ಮಧುಕರ್ ಕಾರು ತೆಗೆಯುತ್ತೇನೆ ಎಂದರು. ಹಳೇ ಮದ್ರಾಸು ರಸ್ತೆಯಲ್ಲಿ ಕಾರು ನಂಬಿದರೆ ಹೆಣ ನೋಡಲು ಹೋದಂತೆ ಎಂದು ಒರಟಾಗಿ ಹೇಳಿ ಮೆಟ್ರೋ ಸ್ಟೇಷನ್ನಿಗೆ ಓಡಿದೆ. ಚಪ್ಪಲಿ ಮಹಡಿಯ ಮೇಲೇ ಉಳಿದಿತ್ತು ಎಂದು ಗೊತ್ತಾದದ್ದು ಮೆಟ್ಟಿಲ ಬಿಸಿ ಕಾಲಿಗೆ ತಾಗಿದಾಗ.

ಇಂದಿರಾನಗರದಿಂದ ಕೆ.ಆರ್. ಪುರಕ್ಕೆ ಕಾಲು ಗಂಟೆಯೂ ಬೇಡ. ಆ ಕಾಲು ಗಂಟೆಯಲ್ಲಿ ಸುಜಾತಾಳ ನಂಬರಿಗೆ ಎಷ್ಟು ಸಲ ಹೊಡೆದೆನೋ. ತಪ್ಪು ಔಷಧ ಕುಡಿದದ್ದಕ್ಕಿಂತ ಅವಳು ಡಾಕ್ಟರಿಗೆ ಕೊಟ್ಟ ಆ ಹೆಸರು ನನ್ನನ್ನು ಹೆಚ್ಚು ಹೆದರಿಸಿತು. ಆ ಹುಡುಗಿ ಏನೂ ಮುಚ್ಚಿಡಲಿಲ್ಲ. ನಾನು ಕೊಟ್ಟ ಹೆಸರನ್ನೇ ತೆಗೆದುಕೊಂಡು ಹೋಗಿ ಡಾಕ್ಟರ ಮುಂದೆ ಇಟ್ಟಳು. ಅವರು ಆ ಹೆಸರು ನಂಬಿ ಬೇರೆ ದಾರಿ ಹಿಡಿದಿದ್ದರು. ಏನೂ ಹೇಳದೆ ಸುಮ್ಮನಿದ್ದಿದ್ದರೆ ಅವರು ಎದೆಯನ್ನಾದರೂ ಪರೀಕ್ಷೆ ಮಾಡಿಸುತ್ತಿದ್ದರೇನೋ. ದೇವರೇ, ಹತ್ತು ನಿಮಿಷ ಕೊಡು, ಜಟ್ಟೆಮ್ಮನನ್ನು ಉಳಿಸಿಕೊಡು, ಇನ್ನು ಜನ್ಮದಲ್ಲಿ ಒಂದು ಎಲೆಯ ಹೆಸರನ್ನೂ ಹೇಳುವುದಿಲ್ಲ ಎಂದು ಬೇಡಿಕೊಂಡೆ. ಎದುರಿಗೆ ಕೂತ ಹೆಂಗಸು ಎದ್ದು ನನಗೆ ಜಾಗ ಬಿಟ್ಟುಕೊಟ್ಟಳು. ಕೂರಲಿಲ್ಲ.

ಆಗ ನೆನಪಾಯಿತು ಅಜ್ಜಿಯ ಮಾತು. ಕಣಗಿಲೆ ಕುಡಿದವರಿಗೆ ಲೋಕವೆಲ್ಲ ಅರಿಶಿನ ಬಳಿದಂತೆ ಕಾಣುತ್ತದೆ, ಆಮೇಲೆ ಎದೆಯ ಬಡಿತ ಒಂದೊಂದಾಗಿ ತಪ್ಪುತ್ತದೆ ಎಂದಿದ್ದಳು.

ಈ ಸಲ ಡಾಕ್ಟರಿಗೆ ಬರೀ ಹೆಸರಲ್ಲ, ಗಿಡವನ್ನೇ ತೋರಿಸಬೇಕೆಂದು ಸ್ಟೇಷನ್ ಇಳಿದು ಟಿನ್ ಫ್ಯಾಕ್ಟರಿ ಕಡೆಗೆ ಓಡಿದೆ. ರಸ್ತೆ ವಿಭಜಕದ ಮೇಲೆ ಆಳೆತ್ತರದ ಕಣಗಿಲೆ ಸಾಲು, ಧೂಳು ಕೂತ ಗೇಣುದ್ದದ ಎಲೆ, ಮೇಲೆ ಗುಲಾಬಿ ಹೂ. ಕೆಳಗಿನ ಒಂದು ಕೊಂಬೆಯಲ್ಲಿ ಸುಜಾತಾ ಎಲೆ ಚಿವುಟಿದ ಗುರುತು ಇತ್ತು. ನಾನು ಕಲಿಸಿದ ಹಾಗೆಯೇ ಚಿವುಟಿದ್ದಳು, ತುದಿಯ ಚಿಗುರಿಗೆ ಕೈ ಹಾಕದೆ, ಒಂದು ಬಿಟ್ಟು ಒಂದು. ಅದೇ ಕೊಂಬೆಯನ್ನು ಮುರಿದುಕೊಂಡೆ. ಹಾರ್ನ್ ಹೊಡೆದವನೊಬ್ಬ "ಏನಮ್ಮಾ, ಪೂಜೆಗಾ?" ಎಂದು ಕೂಗಿ ಹೋದ. ಆಟೋ ಹಿಡಿದು ಸಂತೆ ಬಯಲಿನ ಎದುರಿನ ನರ್ಸಿಂಗ್ ಹೋಮಿಗೆ ಬಂದಾಗ ಫೋನು ಸತ್ತು ಮುಕ್ಕಾಲು ಗಂಟೆಯಾಗಿತ್ತು.

ಜಟ್ಟೆಮ್ಮ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಗಟ್ಟಿ ಮೈಕಟ್ಟಿನ ಹೆಂಗಸು, ಹಣೆಯ ತುಂಬ ಬೆವರು. ಸುಜಾತಾ ಸೆರಗಿನಲ್ಲಿ ಬೆವರು ಒರೆಸುತ್ತಿದ್ದಳು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು. ದೇವರು ಬಂದರೂ ಅಷ್ಟು ಅರಳುತ್ತಿರಲಿಲ್ಲ.

"ಅತ್ತಿ, ಅಕ್ಕಾರ ಬಂದ್ರು. ಇನ್ನೇನ್ ಭಯ ಇಲ್ಲ," ಎಂದಳು.

ಡಾಕ್ಟರು ಸಣ್ಣ ವಯಸ್ಸಿನವರು. ಕೊಂಬೆಯನ್ನು ಅವರ ಮೇಜಿನ ಮೇಲೆ ಹಾಕಿದೆ.

"ಏನಿದು?"

"ಆಯಮ್ಮ ಕುಡ್ದಿರೋದು ಇದು. ಹೆಸರು ತಪ್ಪು ಡಾಕ್ಟ್ರೇ. ಇದು ಕಣಗಿಲೆ."

ಅವರು ಎಲೆ ತಿರುಗಿಸಿ ನೋಡಿದರು. "ಒಲಿಯಾಂಡರ್," ಎಂದವರೇ ಎದ್ದು ನರ್ಸನ್ನು ಕೂಗಿದರು. ನನ್ನ ತರಗತಿಯಲ್ಲಾಗಿದ್ದರೆ ಅದಕ್ಕೆ ಒಂದು ಲೋಟ ಕಷಾಯ ದಂಡ. ಐದೇ ನಿಮಿಷದಲ್ಲಿ ಎದೆಗೆ ತಂತಿಗಳನ್ನು ಹಚ್ಚಿ ಇಸಿಜಿ ತೆಗೆದರು. ಬಡಿತ ನಿಮಿಷಕ್ಕೆ ಮೂವತ್ತೆಂಟು, ಅದೂ ತಪ್ಪಿ ತಪ್ಪಿ. ಒಂದು ಇಂಜೆಕ್ಷನ್ ಕೊಟ್ಟು, ಇಲ್ಲಿ ಆಗುವುದಿಲ್ಲ, ಹೃದಯಕ್ಕೆ ಪೇಸ್‌ಮೇಕರ್ ಹಾಕುವ ಕಡೆಗೆ ಹೋಗಬೇಕು, ಈಗಲೇ ಎಂದು ಆಂಬುಲೆನ್ಸ್ ಕರೆಸಿದರು. "ಇದನ್ನ ಬೆಳಿಗ್ಗೆನೇ ತಂದಿದ್ರೆ," ಎಂದು ಕೊಂಬೆಯನ್ನು ನೋಡಿ ಅರ್ಧಕ್ಕೇ ಮಾತು ನಿಲ್ಲಿಸಿದರು.

ಆಂಬುಲೆನ್ಸಿನಲ್ಲಿ ಒಂದು ಕಡೆ ಸುಜಾತಾ, ಒಂದು ಕಡೆ ನಾನು. ಟಿನ್ ಫ್ಯಾಕ್ಟರಿ ಬಳಿ ಗಾಡಿ ನಿಂತಿತು. ಸೈರನ್ ಕೂಗುತ್ತಲೇ ಇತ್ತು, ಮುಂದಿನ ಬಸ್ಸಿಗೆ ಸರಿಯಲು ಜಾಗವಿರಲಿಲ್ಲ. ಜಟ್ಟೆಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ನೀವೇನವಾ ಆ ಔಷಧದ ಅಕ್ಕ?"

ಹೌದೆಂದೆ.

"ಬಾಳ ಕಹಿ ಇತ್ತವಾ. ನಮ್ಮಪ್ಪನಾಣಿ ಅಂಥಾ ಕಹಿ ಕುಡಿದಿಲ್ಲ ನಾ." ಅವರು ನಗಲು ನೋಡಿದರು. "ನಮ್ಮ ಸುಜಾತಾ ಬಿಡಲಿಲ್ಲ. ಮಗಳಿದ್ದಂಗ ಅದಾಳ. ನನ್ನ ಮೂಗು ಹಿಡದು ಕುಡಿಸ್ಯಾಳ."

ಸುಜಾತಾ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಇದನ್ನ ಮುರಿಯೋ ಎಲಿ ಯಾವ್ದಾರ ಐತೇನ್ರಿ? ಹೇಳ್ರಿ, ಇಳದು ಓಡಿ ಹೋಗಿ ತರ್ತೀನಿ. ಎಲ್ಲಿದ್ರೂ ತರ್ತೀನಿ."

ಇನ್ನೂ ನನ್ನಲ್ಲೇ ಕೇಳುತ್ತಿದ್ದಳು. ಇಷ್ಟಾದ ಮೇಲೂ. ನನಗೆ ಗೊತ್ತಿದ್ದ ನೂರಿಪ್ಪತ್ತು ಗಿಡಗಳೂ ಒಂದೊಂದಾಗಿ ತಲೆಯಲ್ಲಿ ಬಂದುಹೋದವು. "ಇಲ್ಲ ಸುಜಾತಾ," ಎಂದೆ. "ನಂಗೊತ್ತಿರೋದು ಯಾವ್ದೂ ಇಲ್ಲ." ಅವಳು ನಂಬಲಿಲ್ಲ. ಬೇಕೆಂದೇ ಹೇಳುತ್ತಿಲ್ಲವೇನೋ ಎಂಬಂತೆ ನನ್ನ ಬಾಯನ್ನೇ ನೋಡುತ್ತ ಕೂತಳು.

ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಜಟ್ಟೆಮ್ಮನ ಕಣ್ಣು ಮುಚ್ಚಿತ್ತು. ಒಳಗೆ ಎದೆ ಒತ್ತಿದರು, ಕರೆಂಟು ಕೊಟ್ಟರು, ಅವರಿಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಬಂದು, ಆಗಲಿಲ್ಲ ಎಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಜಟ್ಟೆಮ್ಮ.

ಬಸು ವಿಮಾನಪುರದಲ್ಲಿ ಕ್ಯಾಂಟೀನಿನ ಕೆಲಸದಲ್ಲಿದ್ದ. ಏಪ್ರನ್ನಿನಲ್ಲೇ ಬಂದ. ತಾಯಿಯ ಮುಖ ನೋಡಿ ಬಂದು ಗೋಡೆಗೆ ಒರಗಿ ನಿಂತ, ಅಳಲಿಲ್ಲ. ವಿಷದ ಸಾವಾದ್ದರಿಂದ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದ್ದರು. ಹೆಡ್ ಕಾನ್ಸ್‌ಟೇಬಲ್ ಅಹ್ಮದ್ ಪಾಷಾ ಎಂಬವರು ಬಂದು ಬೆಂಚಿನ ಮೇಲೆ ಕೂತು ಕಾಗದ ತೆಗೆದರು. ವಯಸ್ಸಾದ ಮನುಷ್ಯ, ಮಾತು ಮೆತ್ತಗಿತ್ತು.

"ನೀನೇನಮ್ಮ ಸೊಸೆ? ಈ ಎಲೆ ಕುಡ್ಸು ಅಂತ ನಿಂಗೆ ಯಾರ್ ಹೇಳಿದ್ದು?"

ಸುಜಾತಾ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. "ಯಾರೂ ಹೇಳಿಲ್ರಿ. ನಾನ ಮಾಡಿ ಕುಡಿಸೀನಿ."

"ಅತ್ತೆಗೂ ನಿಂಗೂ ಜಗಳ ಏನಾದ್ರೂ ಇತ್ತಾ?"

ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಸುವಿಗೆ ಅರ್ಥವಾಯಿತು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ ರೀತಿ ನಾನು ಸಾಯುವ ತನಕ ಮರೆಯುವುದಿಲ್ಲ.

ನಾನೊಂದು ಮಾತು ಇಲ್ಲಿ ಹೇಳಿಬಿಡಬೇಕು, ಮುಚ್ಚಿಟ್ಟರೆ ಈ ಕತೆ ಬರೆದೂ ದಂಡ. ಸುಜಾತಾ ನನ್ನ ಹೆಸರು ಹೇಳದೆ ಇದ್ದಾಗ ನನಗೆ ಹಾಯೆನಿಸಿತು. ಫೋನು ಕೈಯಲ್ಲಿತ್ತು. ಶುಕ್ರವಾರದ ಮೆಸೇಜು ಇಬ್ಬರ ಫೋನಿನಿಂದಲೂ ಅಳಿಸಿಹೋಗಲು ಒಂದು ಸಲ ಒತ್ತಿದರೆ ಸಾಕಿತ್ತು, ಹೆಬ್ಬೆರಳು ಅಲ್ಲಿಯ ತನಕ ಹೋಗಿತ್ತು ಕೂಡ. ಬಸು ಇನ್ನೂ ಅವಳನ್ನೇ ನೋಡುತ್ತಿದ್ದ.

"ನಾನೇ ಹೇಳಿದ್ದು ಸರ್," ಎಂದೆ. "ಇದರಲ್ಲಿದೆ."

ಪಾಷಾ ಫೋನು ಈಸಿಕೊಂಡರು. ಆಗಲೂ ನನ್ನೊಳಗಿನ ಮೇಡಂ ಸತ್ತಿರಲಿಲ್ಲ. ನಾನು ಕಾಶಿ ಕಣಗಿಲೆ ಎಂದೇ ಹೇಳಿದ್ದೇನೆ, ಸರಿಯಾದ ಹೆಸರನ್ನೇ ಹೇಳಿದ್ದೇನೆ, ಅದನ್ನು ಇವರೆಲ್ಲ ಕೇಳಲಿ ಎಂದು ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಅವರು ಮೆಸೇಜು ಒತ್ತಿ ಬೆಂಚಿನ ಮೇಲಿಟ್ಟರು. ಹಲಸೂರು ಮಾರ್ಕೆಟ್ಟಿನ ಗದ್ದಲದ ನಡುವೆ ನನ್ನ ದನಿ ಕಾರಿಡಾರಿನಲ್ಲಿ ಕೇಳಿಸಿತು.

"ಹಾಂ ಸುಜಾತಾ, ಕಾಶಿ ಕಣಗಿಲೆ ಕೊಡು, ಅದೇ ಬೆಸ್ಟು. ಏಳು ಎಲೆ, ಎರಡು ಲೋಟ ನೀರು ಹಾಕಿ ಒಂದು ಲೋಟಕ್ಕೆ ಇಳ್ಸು. ಬೆಳಗ್ಗೆ ಬರೀ ಹೊಟ್ಟೆಗೆ." ಅಷ್ಟೇ ಎಂದುಕೊಂಡಿದ್ದೆ. ಅಷ್ಟೇ ಆಗಿರಲಿಲ್ಲ. ದನಿ ಇನ್ನೂ ಇತ್ತು, ನಗುನಗುತ್ತಿತ್ತು. "ಕಹಿ ಇರತ್ತೆ, ನಿಮ್ಮತ್ತೆ ಬೇಡ ಅಂತ ಹಟ ಮಾಡ್ತಾರೆ. ವಾಂತಿ ಬರತ್ತೆ ಅಂತಾರೆ. ನೀನು ಬಿಡ್ಬೇಡ. ಒಂದ್ ತೊಟ್ಟೂ ಉಳೀದ ಹಾಗೆ ಕುಡಿಸು."

ಬಸು ಗೋಡೆ ಬಿಟ್ಟು ಬಂದು ಹೆಂಡತಿಯನ್ನು ಕೇಳಿದ, "ಅವ್ವ ಬ್ಯಾಡ ಅಂದಿದ್ಳೇನು?"

ಸುಜಾತಾ ಹೌದೆಂದು ತಲೆಯಾಡಿಸಿದಳು.